ಅಪ್ಪಯ್ಯನ ಜೊತೆ ಹಾಲಿಬಟ್ ಮೀನಿಗೆ

ಜೂನ್ 12, 2023, ಸೋಮವಾರ
ಹೋಮರ್, ಅಲಾಸ್ಕಾ

ರಾತ್ರಿ ಹತ್ತೂವರೆ. ಹೊರಗೆ ಇನ್ನೂ ಬೆಳಕಿದೆ. ಇಲ್ಲಿ ಈ ತಿಂಗಳು ಸೂರ್ಯ ಮುಳುಗುವುದೇ ಹನ್ನೊಂದೂವರೆ ಹೊತ್ತಿಗೆ. ಅಪ್ಪಯ್ಯ ಮಲಗಿಯಾಯಿತು. ನನಗೆ ತೋಳು, ಸೊಂಟ ಎಲ್ಲ ನೋವು. ಆದರೂ ಇವತ್ತಿನದನ್ನು ಇವತ್ತೇ ಬರೆದಿಡಬೇಕು.

ಅಪ್ಪಯ್ಯ ಗಂಗೊಳ್ಳಿಯವರು. ಮೇಷ್ಟ್ರಾಗಿದ್ದವರು, ಮೀನು ಹಿಡಿದವರಲ್ಲ. ಆದರೆ ಬಂದರಿನ ಊರಲ್ಲಿ ಹುಟ್ಟಿ ಬೆಳೆದವರಿಗೆ ಮೀನಿನ ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಬೇಸಿಗೆಗೆ ಸಿಯಾಟಲ್‌ನ ನಮ್ಮ ಮನೆಗೆ ಬಂದಿದ್ದಾರೆ. ಬಂದ ವಾರವೇ ನಾನು ಹಾಲಿಬಟ್ ಅನ್ನುವ ದೊಡ್ಡ ಚಪ್ಪಟೆ ಮೀನು ಹಿಡಿಯಲು, ದುಡ್ಡು ತೆಗೆದುಕೊಂಡು ಜನರನ್ನು ಕರೆದೊಯ್ಯುವ ಈ ಚಾರ್ಟರ್ ಬೋಟಿಗೆ ಬುಕ್ ಮಾಡಿದೆ. ಯಾವ ದಿನ ಅಂತ ನೋಡುವಾಗ ಅಪ್ಪಯ್ಯ ಕೇಳಿದ್ದು ಒಂದೇ: "ತಿಥಿ ಯಾವ್ದ್?" ಅಮಾವಾಸ್ಯೆ ಹತ್ತಿರ ಬಂದರೆ ಸೆಳೆತ ಜಾಸ್ತಿ, ಅಷ್ಟಮಿಯ ಆಸುಪಾಸಿನಲ್ಲಿ ನೀರು ಸಾವಕಾಶ. ಇಲ್ಲಿನ ಕ್ಯಾಪ್ಟನ್‌ಗಳ ಲೆಕ್ಕವೂ ಇದೇ. ಈ ಕೊಲ್ಲಿಯಲ್ಲಿ ಉಬ್ಬರ ಇಳಿತದ ನಡುವಿನ ವ್ಯತ್ಯಾಸ ದೊಡ್ಡ ದಿನಗಳಲ್ಲಿ ಎಂಟು ಮೀಟರ್‌ವರೆಗೂ ಹೋಗುತ್ತದೆ. ಅಷ್ಟು ನೀರು ಹರಿಯುವಾಗ ಸೀಸದ ಗುಂಡು ತಳದಲ್ಲಿ ನಿಲ್ಲುವುದೇ ಇಲ್ಲ. ಅಷ್ಟಮಿ ಮೊನ್ನೆಯಷ್ಟೇ ಕಳೆದಿದೆ, ಹಾಗಾಗಿ ಇವತ್ತು. ಬುಧವಾರವಂತೂ ಆಗುತ್ತಿರಲಿಲ್ಲ, ಈ ಭಾಗದಲ್ಲಿ ಬುಧವಾರ ಚಾರ್ಟರ್ ಬೋಟುಗಳು ಹಾಲಿಬಟ್ ಹಿಡಿಯುವಂತಿಲ್ಲ.

ಬೋಟು ಹೊರಡುವುದು ಸ್ಪಿಟ್‌ನಿಂದ. ಕಾಚೆಮಾಕ್ ಕೊಲ್ಲಿಯೊಳಗೆ ಸುಮಾರು ಏಳು ಕಿಲೋಮೀಟರ್ ಚಾಚಿಕೊಂಡಿರುವ ಜಲ್ಲಿಕಲ್ಲಿನ ಪಟ್ಟಿ ಅದು. 1964ರ ಭೂಕಂಪದಲ್ಲಿ ಆ ಪಟ್ಟಿಯೇ ಒಂದಾಳುದ್ದದ ಹತ್ತಿರ ಕುಸಿದಿತ್ತಂತೆ. ಈಗ ಅದರ ತುದಿವರೆಗೂ ಅಂಗಡಿ, ಬಂದರು, ಬೋಟು. ಇಬ್ಬರಿಗೂ ಒಂದು ದಿನದ ಲೈಸೆನ್ಸ್, ತಲಾ 15 ಡಾಲರ್. ಬೆಳಗ್ಗೆ ಏಳಕ್ಕೆ ಹೊರಟೆವು. ನಾವು ಆರು ಜನ, ಜೊತೆಗೆ ಕ್ಯಾಪ್ಟನ್ ಮತ್ತು ಬೋಟಿನ ಕೆಲಸಕ್ಕೆ ಒಬ್ಬಳು ಡೆಕ್‌ಹ್ಯಾಂಡ್ ಹುಡುಗಿ. ಎರಡು ಗಂಟೆ ದಾರಿ. ಪಡುವಣಕ್ಕೆ ಆಗಸ್ಟೀನ್ ಜ್ವಾಲಾಮುಖಿ, ಮೈತುಂಬ ಹಿಮ. ಅಪ್ಪಯ್ಯ ಎರಡು ಸ್ವೆಟರ್ ಮೇಲೆ ರೇನ್‌ಕೋಟ್ ಹಾಕಿ ಹಿಂದುಗಡೆ ನಿಂತವರು ಒಳಗೆ ಬರಲೇ ಇಲ್ಲ.

ಸುಮಾರು ಇನ್ನೂರು ಅಡಿ ಆಳದಲ್ಲಿ ಲಂಗರು ಹಾಕಿದರು. ಗಾಳಕ್ಕೆ ಹೆರಿಂಗ್ ಮೀನು, ಜೊತೆಗೆ ಸಾಲ್ಮನ್ ತಲೆಯ ತುಂಡು. ಹಗ್ಗಕ್ಕೆ ಒಂದು ಕಿಲೋ ತೂಗುವ ಸೀಸ. ಗುಂಡು ತಳಕ್ಕೆ ಬಡಿದದ್ದು ಕೈಗೆ ಗೊತ್ತಾಗುತ್ತದೆ. ಆಮೇಲೆ ಕಾಯುವುದು. ಸುಮ್ಮನೆ ಕಾಯುವುದಲ್ಲ, ವಾಸನೆ ಹರಿಯಲಿ ಅಂತ ಕಾಯುವುದು. ಎರೆಯ ವಾಸನೆ ನೀರಿನ ಸೆಳೆತದ ಜೊತೆ ತಳದಲ್ಲೇ ದೂರ ಹೋಗುತ್ತದೆ, ಅದರ ಜಾಡು ಹಿಡಿದು ಹಾಲಿಬಟ್ ಎದುರು ಈಜಿ ಬರುತ್ತದೆ. ಅದಕ್ಕೇ ಬೋಟು ಅಲುಗಾಡಬಾರದು. ಲಂಗರು ಎಲ್ಲಿ ಬೀಳಬೇಕು, ಸೆಳೆತ ತಿರುಗಿದ ಮೇಲೆ ಬೋಟು ಯಾವ ಕಡೆ ವಾಲುತ್ತದೆ ಅಂತ ಮೊದಲೇ ಎಣಿಸಿ ನಿಲ್ಲಿಸಿದ್ದಾರೆ ಕ್ಯಾಪ್ಟನ್. ನಾವು ಕೊಟ್ಟ ದುಡ್ಡು ಆ ಲೆಕ್ಕಕ್ಕೆ ಅಂತ ನನಗೆ ಅಲ್ಲಿ ನಿಂತಾಗ ಅರ್ಥವಾಯಿತು.

ಇಲ್ಲಿನ ಗಾಳ ನಮ್ಮೂರಿನ ಗಾಳದ ಹಾಗಲ್ಲ. ಮೊನೆ ಒಳಕ್ಕೆ ಪೂರ್ತಿ ಬಾಗಿರುತ್ತದೆ, ಬೆರಳಿಟ್ಟು ನೋಡಿದರೂ ಚುಚ್ಚುವುದಿಲ್ಲ. ಮೀನು ನುಂಗಿ ತಿರುಗಿದಾಗ ಗಾಳ ಜಾರಿಕೊಂಡು ಬಂದು ಬಾಯಿಯ ಮೂಲೆಯಲ್ಲಿ ತಾನಾಗಿ ಕಚ್ಚಿಕೊಳ್ಳುತ್ತದೆ. ಎಳೆದರೆ ಕೆಟ್ಟಿತು. "ಕೋಲು ಬಾಗುವವರೆಗೂ ಮುಟ್ಟಬೇಡಿ" ಅಂತ ಆ ಹುಡುಗಿ ಎಲ್ಲರಿಗೂ ಹೇಳಿದಳು. ಕಚ್ಚಿದ ಕೂಡಲೇ ಜಗ್ಗಬೇಕು ಅಂತ ನಂಬಿದ ಅಪ್ಪಯ್ಯನಿಗೆ ಕೈ ಕಟ್ಟಿ ನಿಲ್ಲುವುದು ಕಷ್ಟವಾಯಿತು, ಆದರೆ ಮೊದಲ ಮೀನು ಬಂದದ್ದು ಅವರಿಗೇ.

ಅದು ಸಣ್ಣದು, ನಾಲ್ಕು ಕಿಲೋ ಇರಬಹುದು. ಡೆಕ್ ಮೇಲೆ ಹಾಕಿದಾಗ ಅಪ್ಪಯ್ಯ ಕುಕ್ಕುರುಗಾಲಲ್ಲಿ ಕೂತು ನೋಡಿದರು. ಮೇಲ್ಮೈ ಕಂದು ಹಸಿರು, ಅಲ್ಲಲ್ಲಿ ತೇಪೆ ತೇಪೆ, ಸಮುದ್ರದ ತಳದ ಬಣ್ಣವೇ. ತಿರುಗಿಸಿದರೆ ಹಾಲಿನಂತೆ ಬಿಳುಪು. ಕಣ್ಣೆರಡೂ ಕಂದು ಕಡೆಯೇ, ಗೋಸುಂಬೆಯ ಕಣ್ಣಿನಂತೆ ಬೇರೆ ಬೇರೆ ಹೊರಳುತ್ತಿದ್ದವು. "ಇದ್ರ ಕಣ್ಣ್ ಕಾಣ್ ಮಗಾ, ನಮ್ಮ ನಂಗಿನ ಹಾಂಗೇ ಇತ್ತ್" ಅಂದರು. ನಂಗು ಅಂದರೆ ನಮ್ಮ ಕಡಲಿನ ಚಪ್ಪಟೆ ಮೀನು. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲ, ನಂಗಿಗೆ ಎಡಕ್ಕೆ, ಇದಕ್ಕೆ ಬಲಕ್ಕೆ" ಅಂತ ಸರಿಪಡಿಸಿದರು. ಸರಿಯೇ. ಹಾಲಿಬಟ್ ಮರಿ ಹುಟ್ಟುವಾಗ ಎಲ್ಲ ಮೀನಿನಂತೆ ಒಂದೊಂದು ಕಡೆ ಒಂದೊಂದು ಕಣ್ಣಿಟ್ಟುಕೊಂಡು ನೆಟ್ಟಗೆ ಈಜುತ್ತದೆ. ಆರು ತಿಂಗಳಾಗುವಷ್ಟರಲ್ಲಿ ಎಡಗಣ್ಣು ತಲೆ ಹತ್ತಿ ಬಲಕ್ಕೆ ಬಂದು ಸೇರುತ್ತದೆ. ಆಮೇಲೆ ಜೀವಮಾನವೆಲ್ಲ ಮಗ್ಗುಲಲ್ಲೇ. ಅಪ್ಪಯ್ಯ ಇದನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಈ ವರ್ಷದ ನಿಯಮದಂತೆ ಒಬ್ಬರಿಗೆ ಎರಡು ಮೀನು. ಒಂದು ಎಷ್ಟು ದೊಡ್ಡದಾದರೂ ಆಗಬಹುದು, ಇನ್ನೊಂದು 28 ಇಂಚು ಮೀರುವಂತಿಲ್ಲ. ಅಪ್ಪಯ್ಯನ ಸಣ್ಣದು ಅಳತೆಯೊಳಗೆ ಬಂತು.

ಹನ್ನೊಂದರ ಸುಮಾರಿಗೆ ನೀರು ನಿಂತಿತು. ಉಬ್ಬರ ಮುಗಿದು ಇಳಿತ ಶುರುವಾಗುವ ಮುಂಚಿನ ಆ ಸ್ವಲ್ಪ ಹೊತ್ತೇ ಮುಖ್ಯ. ನನ್ನ ಕೋಲು ಎರಡು ಸಲ ತಲೆಯಾಡಿಸಿ ಮೂರನೆಯದಕ್ಕೆ ನೀರಿನವರೆಗೆ ಬಾಗಿತು. ಮೇಲೆ ಎತ್ತುವುದು, ಇಳಿಸುತ್ತಾ ಸುತ್ತುವುದು, ಮತ್ತೆ ಎತ್ತುವುದು. ಅರ್ಧ ದಾರಿ ಬಂದ ಮೀನು ಒಂದೇ ಉಸಿರಿಗೆ ತಳಕ್ಕೆ ವಾಪಸ್ ಹೋಯಿತು. ಮತ್ತೆ ಮೊದಲಿಂದ. ತೋಳು ನಡುಗುತ್ತಿತ್ತು. ಕೊನೆಗೆ ಹಸಿರು ನೀರಿನಲ್ಲಿ ಅಗಲವಾದ ಒಂದು ನೆರಳು ಮೇಲೇರಿ ಬಂತು. ಹುಡುಗಿ ಹಾರ್ಪೂನ್ ಹಿಡಿದು ನಿಂತಳು. ಇಷ್ಟು ದೊಡ್ಡದನ್ನು ಜೀವಂತ ಡೆಕ್ ಮೇಲೆ ಹಾಕಿದರೆ ಕಾಲು ಮುರಿಯುವಷ್ಟು ಬಡಿಯುತ್ತದೆ, ಅದಕ್ಕೆ ನೀರಿನಲ್ಲೇ ಮುಗಿಸುತ್ತಾರೆ.

ಕ್ಯಾಪ್ಟನ್ ಬೋಟಿನ ಅಂಚಿನ ಗುರುತಿಗೆ ಹಿಡಿದು ಅಳೆದರು. 60 ಇಂಚು. ಕ್ಯಾಬಿನ್ನಿನಲ್ಲಿ ಅಂಟಿಸಿದ ಪಟ್ಟಿಯ ಪ್ರಕಾರ ಸುಮಾರು 50 ಕಿಲೋ. "ಹೆಣ್ಣು. ಗಂಡು ಇಷ್ಟು ದೊಡ್ಡದಾಗುವುದಿಲ್ಲ. ಇಟ್ಟುಕೊಳ್ಳುವುದು, ಬಿಡುವುದು ನಿಮಗೆ ಬಿಟ್ಟದ್ದು" ಅಂದರು. ನಾನು ಬಿಡಿ ಅಂದೆ. ಬರುವ ಮೊದಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡದ್ದದು. ಉದ್ದ ಕೊಕ್ಕೆಯಿಂದ ಹುಡುಗಿ ಗಾಳ ತಿರುವಿದಳು, ಬಾಯಿಯ ಮೂಲೆಯಲ್ಲೇ ಇದ್ದದ್ದರಿಂದ ಸಲೀಸಾಗಿ ಬಿಟ್ಟಿತು.

"ಹಿಡ್ದ್ ಮೀನ್ ಬಿಡೂದಾ?" ಅಪ್ಪಯ್ಯನಿಗೆ ನಿಜಕ್ಕೂ ಬೇಸರವಾಗಿತ್ತು.

"ಮೊಟ್ಟೆ ಇಡುವ ಮೀನು, ಅಪ್ಪಯ್ಯ."

"ಈಗ ಹೊಟ್ಟೆಲಿ ಮೊಟ್ಟೆ ಇತ್ತಾ?"

ಇಲ್ಲ. ಇವು ಮೊಟ್ಟೆ ಇಡುವುದು ಚಳಿಗಾಲದಲ್ಲಿ, ಇದಕ್ಕಿಂತ ಎಷ್ಟೋ ಆಳದ ನೀರಿನಲ್ಲಿ. ಅಪ್ಪಯ್ಯ ಬಿಡಲಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ 61 ದಿನ ಯಾಂತ್ರಿಕ ಬೋಟು ಕಡಲಿಗಿಳಿಯುವಂತಿಲ್ಲ, ಗಂಗೊಳ್ಳಿಯಲ್ಲಿ ಈಗ ಬೋಟೆಲ್ಲ ಕಟ್ಟಿ ಹಾಕಿದ್ದಾರೆ, ಮೀನು ಮರಿ ಮಾಡುವ ಹೊತ್ತಿನಲ್ಲಿ ಹಿಡಿಯದಿದ್ದರೆ ಸಾಕು, ಉಳಿದಾಗ ಸಿಕ್ಕಿದ್ದನ್ನು ಬಿಡುವುದು ಯಾವ ನ್ಯಾಯ ಅಂತ ಅವರ ವಾದ. ಇಲ್ಲೂ ಚಳಿಗಾಲದಲ್ಲಿ ವ್ಯಾಪಾರದ ಬೋಟುಗಳಿಗೆ ರಜೆ ಇದೆ. ಆದರೆ ಹಾಲಿಬಟ್ ಹೆಣ್ಣು ಮೊಟ್ಟೆ ಇಡಲು ಶುರು ಮಾಡುವುದೇ ಸುಮಾರು 12 ವರ್ಷಕ್ಕೆ. ಇಪ್ಪತ್ತು ಕಿಲೋದ ಹೆಣ್ಣು 5 ಲಕ್ಷ ಮೊಟ್ಟೆ ಇಟ್ಟರೆ, ನೂರು ಕಿಲೋ ದಾಟಿದ್ದು 40 ಲಕ್ಷದವರೆಗೂ ಇಡಬಲ್ಲದು. ಅಂಥದ್ದನ್ನು ಒಂದು ಫೋಟೋಗೋಸ್ಕರ ಕೊಕ್ಕೆಗೆ ನೇತುಹಾಕುವುದು ನನಗೆ ಸರಿ ಕಾಣುವುದಿಲ್ಲ. ಅಷ್ಟು ಮಾಂಸ ತಿನ್ನುವವರಾದರೂ ಯಾರು? ಆಗ್ನೇಯ ಅಲಾಸ್ಕಾದಲ್ಲಿ ಈ ವರ್ಷ ಚಾರ್ಟರ್ ಮೀನು 40 ಇಂಚಿನೊಳಗಿರಬೇಕು, ಇಲ್ಲವೇ 80 ಮುಟ್ಟಿರಬೇಕು, ನಡುವಿನದೆಲ್ಲ ವಾಪಸ್. ಇಲ್ಲಿ ಮೊದಲ ಮೀನಿಗೆ ಮೇಲಿನ ಮಿತಿಯೇ ಇಲ್ಲ. ಇಲ್ಲೂ ಬರಲಿ ಅಂತ ನನ್ನ ಆಸೆ.

ಮಧ್ಯಾಹ್ನ ಬಂಡೆಗಳಿರುವ ಕಡೆ ಹೋದಾಗ ಒಬ್ಬರಿಗೆ ಕಿತ್ತಳೆ ಬಣ್ಣದ ರಾಕ್‌ಫಿಶ್ ಸಿಕ್ಕಿತು. ಮೇಲೆ ಬರುವಷ್ಟರಲ್ಲಿ ಒಳಗಿನ ಗಾಳಿಚೀಲ ಉಬ್ಬಿ, ಕಣ್ಣು ಹೊರಬಿದ್ದು, ಜಠರ ಬಾಯಿಗೆ ಬಂದಿತ್ತು. ಸುಮ್ನೆ ಬಿಟ್ಟರೆ ತೇಲುತ್ತಾ ಸಾಯುತ್ತದೆ. ಅದರ ದವಡೆಗೆ ಒಂದು ಕ್ಲಿಪ್ ಹಾಕಿ, ತೂಕ ಕಟ್ಟಿ ನೂರು ಅಡಿಗಿಂತ ಆಳಕ್ಕೆ ಇಳಿಸಿ ಬಿಟ್ಟರು. 2020ರಿಂದ ಅಲಾಸ್ಕಾದಲ್ಲಿ ಇದು ಕಡ್ಡಾಯ. ಹಾಲಿಬಟ್‌ಗೆ ಆ ಚೀಲವೇ ಇಲ್ಲ. ಹಾಗಾಗಿ ಇನ್ನೂರು ಅಡಿಯಿಂದ ಮೇಲೆ ಬಂದರೂ ತೊಂದರೆಯಿಲ್ಲದೆ ಹಿಂದಿರುಗುತ್ತದೆ. ಇದನ್ನು ಕೇಳಿ ಅಪ್ಪಯ್ಯ ಸ್ವಲ್ಪ ಮೆತ್ತಗಾದರು. ಪೂರ್ತಿ ಒಪ್ಪಿಲ್ಲ.

ಆಮೇಲೆ ನನಗೆ ಹತ್ತು ಕಿಲೋದ್ದೊಂದು ಸಿಕ್ಕಿತು, ಅದನ್ನು ಇಟ್ಟುಕೊಂಡೆ. ಬಂದರಿನಲ್ಲಿ ಹುಡುಗಿ ಕತ್ತಿ ಆಡಿಸುವುದನ್ನು ನೋಡಬೇಕು. ನಡುಮುಳ್ಳಿನ ಮೇಲೆ ಒಂದು ಗೀರು, ಆಚೆಗೊಂದು ಈಚೆಗೊಂದು ಪದರ, ಮಗುಚಿ ಮತ್ತೆ ಎರಡು. ಒಂದು ಮೀನಿಗೆ ನಾಲ್ಕು ಪದರ. ಕೆನ್ನೆಯ ಮಾಂಸ ಬೇರೆ. ಅವಳಿಗಾಗಲಿ ಕ್ಯಾಪ್ಟನ್‌ಗಾಗಲಿ ಟ್ರಿಪ್‌ನಲ್ಲಿ ಒಂದು ಹಾಲಿಬಟ್ಟನ್ನೂ ತಮ್ಮ ಪಾಲಿಗೆ ಇಟ್ಟುಕೊಳ್ಳುವ ಹಾಗಿಲ್ಲವಂತೆ. ಅಮೆರಿಕ, ಕೆನಡಾ ಸೇರಿ ಈ ಮೀನಿನ ಉಸ್ತುವಾರಿಗೆ ಆಯೋಗ ಮಾಡಿಕೊಂಡದ್ದು 1923ರಲ್ಲಿ. ನೂರು ವರ್ಷದಿಂದ ಪಾಲಿನ ಲೆಕ್ಕ ನಡೆಯುತ್ತಲೇ ಇದೆ.

ರಾತ್ರಿಗೆ ಅಪ್ಪಯ್ಯ ಕೆನ್ನೆಯ ತುಂಡುಗಳಿಗೆ ಮೆಣಸಿನಪುಡಿ, ಅರಿಶಿನ, ಉಪ್ಪು, ನಿಂಬೆಹುಳಿ ಹಚ್ಚಿ ಕಾವಲಿಯಲ್ಲಿ ಹುರಿದರು. ಕೆನ್ನೆ ಚೆನ್ನಾಗಿತ್ತು. ಪದರದ ಮಾಂಸವನ್ನೂ ಹಾಗೇ ಹುರಿದು ನೋಡಿದರೆ ಒಣ ಒಣ. ಈ ಮೀನಿನಲ್ಲಿ ಎಣ್ಣೆ ಅಂಶ ಕಮ್ಮಿ, ಜಾಸ್ತಿ ಹೊತ್ತು ಕಾವು ತಡೆಯುವುದಿಲ್ಲ. ಕಾಯಿ ಅರೆದ ಗಸಿಗೆ ಕೊನೆಗೆ ಹಾಕಿ ಒಂದೇ ಕುದಿ ಬರಿಸಬೇಕು ಅಂತ ಅಪ್ಪಯ್ಯನ ತೀರ್ಮಾನ. ಸಿಯಾಟಲ್‌ಗೆ ಹೋದ ಮೇಲೆ ಅದೇ ಮೊದಲ ಕೆಲಸ. ಉಳಿದ ಮೀನು ಪ್ಯಾಕ್ ಆಗಿ ಸ್ಪಿಟ್‌ನ ಫ್ರೀಜರ್‌ನಲ್ಲಿದೆ. ಬೆಳಗ್ಗೆ ಎಂಟಕ್ಕೆ ಹೋಗಿ ತರಬೇಕು.