ಸಂಬಳ ಕೊಡದ ಯಜಮಾನ

ಗೋದಾಮುಗಳಲ್ಲಿ ಯಾರಿಗೆ ಯಾವ ಪಾಳಿ ಅಂತ ಹಂಚುವ ಸಾಫ್ಟ್‌ವೇರ್ ಬರೆಯೋದು ನನ್ನ ಕೆಲಸ. ಎರಡು ವರ್ಷದ ಹಿಂದೆ ಅದಕ್ಕೊಂದು ನಿಯಮ ಸೇರಿಸಿದ್ದೆ. ಕೊಟ್ಟ ಪಾಳಿಯನ್ನು ಎರಡು ಸಲ ಬೇಡ ಅಂದವರ ಹೆಸರು ಹದಿನಾಲ್ಕು ದಿನ ಪಟ್ಟಿಯ ತಳಕ್ಕೆ. ಬರೆಯಲು ಇಪ್ಪತ್ತು ನಿಮಿಷ ಹಿಡಿದಿರಬಹುದು. ಪರೀಕ್ಷೆ ಮಾಡಿದೆ, ಸರಿಯಿತ್ತು, ಊಟಕ್ಕೆ ಎದ್ದೆ.

ಕೆಲವು ತಿಂಗಳಾದ ಮೇಲೆ ಒಂದು ದೂರು ಬಂತು. ಇಂಥವು ನಮ್ಮ ಮೇಜಿನವರೆಗೆ ಬರೋದೇ ಇಲ್ಲ, ಇದು ಹೇಗೋ ದಾರಿ ತಪ್ಪಿ ಬಂದಿತ್ತು. ಬರೆದವರು ಒಬ್ಬ ಹೆಂಗಸು. ಮಗುವಿಗೆ ಜ್ವರ ಅಂತ ಎರಡು ರಾತ್ರಿ ಪಾಳಿ ಬಿಟ್ಟೆ, ಆಮೇಲೆ ಎರಡು ವಾರ ಕೆಲಸವೇ ಸಿಗಲಿಲ್ಲ, ನನ್ನಿಂದ ಏನು ತಪ್ಪಾಯಿತು ಅಂತಾದರೂ ಹೇಳಿ ಎಂದಿದ್ದರು. ಗೋದಾಮಿನ ಮೇಲ್ವಿಚಾರಕರು "ಸಿಸ್ಟಮ್ ಹಾಗೆ ತೋರಿಸ್ತಿದೆ" ಅಂದರಂತೆ. ಆಳುಗಳನ್ನು ಕಳಿಸುವ ಏಜೆನ್ಸಿಯವರು "ಪಾಳಿ ಹಂಚೋದು ನಾವಲ್ಲ" ಅಂದರಂತೆ. ನಮ್ಮ ಕಡೆಯಿಂದ ಹೋದ ಉತ್ತರ ನನಗೆ ಈಗಲೂ ಬಾಯಿಪಾಠ: "ನಾವು ಸಾಫ್ಟ್‌ವೇರ್ ಮಾತ್ರ ಒದಗಿಸುತ್ತೇವೆ. ದಯವಿಟ್ಟು ನಿಮ್ಮ ಉದ್ಯೋಗದಾತರನ್ನು ಸಂಪರ್ಕಿಸಿ." ಅದನ್ನು ಬರೆದವನೂ ನಾನೇ.

ನಾನು ಕಥೋಲಿಕ. ಭಾನುವಾರದ ಪೂಜೆ ತಪ್ಪಿಸುವವನಲ್ಲ. ಆದರೆ ಧರ್ಮಸಭೆಯ, ಅಂದರೆ ನಮ್ಮ ಚರ್ಚಿನ, ಸಾಮಾಜಿಕ ಬೋಧನೆ ಎಂದರೆ ಬಡವರ ಡಬ್ಬಿಗೆ ಕಾಸು ಹಾಕೋದು ಅಂತಲೇ ತಿಳಿದಿದ್ದೆ. 2025ರ ಮೇ ತಿಂಗಳಲ್ಲಿ ಹೊಸ ಪೋಪ್ 'ಹದಿನಾಲ್ಕನೇ ಲಿಯೋ' ಅಂತ ಹೆಸರಿಟ್ಟುಕೊಂಡರು. 1891ರಲ್ಲಿ ಪೋಪ್ ಆಗಿದ್ದ ಹದಿಮೂರನೇ ಲಿಯೋ ತಮ್ಮ ಕಾಲದ ಕಾರ್ಖಾನೆಗಳ ಬಗ್ಗೆ ಪತ್ರ ಬರೆದರು, ಈಗ ನಮ್ಮೆದುರು ಕೃತಕ ಬುದ್ಧಿಮತ್ತೆ ಇದೆ ಅಂತ ಕಾರಣ ಕೊಟ್ಟರು. ನನ್ನ ಕಸುಬಿನ ಮಾತು ಬಂತಲ್ಲ, ಪೋಪರು ಹೀಗೆ ಬೋಧನೆಗಾಗಿ ಬರೆದ ಹಳೆಯ ಪತ್ರಗಳನ್ನು ಹುಡುಕಿ ಓದಲು ಕೂತೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಪೋಪ್ ಎರಡನೇ ಜಾನ್ ಪಾಲ್ 1981ರಲ್ಲಿ ದುಡಿಮೆಯ ಬಗ್ಗೆ ಬರೆದ 'ಲಬೋರೆಮ್ ಎಕ್ಸೆರ್ಚೆನ್ಸ್'. ಹದಿಮೂರನೇ ಲಿಯೋ ಅವರ ಪತ್ರಕ್ಕೆ ತೊಂಬತ್ತು ವರ್ಷ ತುಂಬುವ ಮೇ 15ಕ್ಕೆ ಅದು ಹೊರಬರಬೇಕಿತ್ತು. ಮೇ 13ರಂದು ಜಾನ್ ಪಾಲ್ ಅವರಿಗೆ ಗುಂಡೇಟು ಬಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ತಿದ್ದಿ ಮುಗಿಸಿದರು, ಪತ್ರ ಹೊರಬಂದದ್ದು ಸೆಪ್ಟೆಂಬರ್ 14ಕ್ಕೆ. ಓದೋದು ಸುಲಭ ಅಲ್ಲ ಬಿಡಿ, ಒಂದೊಂದು ವಾಕ್ಯಕ್ಕೂ ಎರಡೆರಡು ಸಲ ಹಿಂದೆ ಹೋಗಬೇಕು.

ಅದರ ಹದಿನೇಳನೇ ಭಾಗದಲ್ಲಿ 'ಪರೋಕ್ಷ ಯಜಮಾನ' ಅನ್ನುವ ಮಾತಿದೆ. ಕೆಲಸಗಾರನ ಜೊತೆ ನೇರ ಒಪ್ಪಂದ ಮಾಡಿಕೊಂಡವನು ಒಬ್ಬ ಯಜಮಾನ. ಆ ಒಪ್ಪಂದ ಹೇಗಿರಬೇಕು ಅಂತ ದೂರದಿಂದ ತೀರ್ಮಾನಿಸುವ ಜನ, ಸಂಸ್ಥೆ, ಕಾನೂನು ಎಲ್ಲವೂ ಇನ್ನೊಬ್ಬ ಯಜಮಾನ. ಅವನಿಗೂ ಹೊಣೆ ಇದೆ. ಅಲ್ಲಿ ಮೊದಲು ಹೆಸರಿಸಿರೋದು ಸರ್ಕಾರವನ್ನು. ದೊಡ್ಡ ದೊಡ್ಡ ಕಂಪನಿಗಳೂ ಬರುತ್ತವೆ. ಓದುತ್ತಾ ಆ ಪಟ್ಟಿಯಲ್ಲಿ ನನಗೊಂದು ಕುರ್ಚಿ ಖಾಲಿ ಇದೆ ಅನ್ನಿಸಿತು. ಆಕೆಗೆ ನಾನು ಒಂದು ರೂಪಾಯಿ ಸಂಬಳ ಕೊಟ್ಟವನಲ್ಲ. ಆದರೆ ಹದಿನಾಲ್ಕು ದಿನ ಅಂತ ಲೆಕ್ಕ ಹಾಕಿದ್ದು ನಾನೇ ಅಲ್ವಾ?

ಆಪ್‌ನಲ್ಲಿ ಆಕೆ 'ಒಪ್ಪುತ್ತೇನೆ' ಅಂತ ಒತ್ತಿದ್ದಾರೆ, ಬಲವಂತ ಏನಿಲ್ಲ ಅಂತ ನಮ್ಮ ಆಫೀಸಿನಲ್ಲಿ ಒಬ್ಬರು ಹೇಳಿದರು. ಈ ವಾದವೂ ಹಳೆಯದೇ. ಬೇರೆ ದಾರಿ ಇಲ್ಲದೆ, ಇನ್ನೂ ಕೆಟ್ಟದ್ದಕ್ಕೆ ಹೆದರಿ ಕೆಲಸಗಾರ ಕಠಿಣ ಷರತ್ತಿಗೆ ಒಪ್ಪಿದರೆ ಅದು ಅವನ ಮೇಲಿನ ಬಲಪ್ರಯೋಗವೇ ಅಂತ 1891ರಲ್ಲೇ ಹದಿಮೂರನೇ ಲಿಯೋ ಬರೆದಿದ್ದರು. ಅದೇ ಪತ್ರದಲ್ಲಿ ಖಾಸಗಿ ಆಸ್ತಿಯ ಪರ ಗಟ್ಟಿಯಾಗಿ ನಿಂತು ಸಮಾಜವಾದವನ್ನು ಬೈದಿದ್ದಾರೆ ಅನ್ನೋದೂ ನಿಜ. ಎಡದ ಗೆಳೆಯರಿಗೂ ಬಲದ ಗೆಳೆಯರಿಗೂ ಅರ್ಧರ್ಧ ಪತ್ರವೇ ಇಷ್ಟ.

ಬಲದ ಗೆಳೆಯರ ಮೆಚ್ಚಿನ ಮಾತು ಇನ್ನೊಂದಿದೆ. ಸಣ್ಣ ಗುಂಪು ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡದು ಕಸಿದುಕೊಳ್ಳಬಾರದು ಅಂತ 1931ರಲ್ಲಿ ಪೋಪ್ ಹನ್ನೊಂದನೇ ಪಿಯುಸ್ ಹೇಳಿದ್ದು. ಸರ್ಕಾರ ದೂರ ಇರಲಿ ಅನ್ನಲು ಅದನ್ನು ಬಳಸುತ್ತಾರೆ. ಆದರೆ ನಮ್ಮ ಗೋದಾಮನ್ನೇ ನೋಡಿ. ಮೊದಲು ಮೇಲ್ವಿಚಾರಕನೇ ಪಾಳಿ ಬರೆಯುತ್ತಿದ್ದ. ಮಗುವಿಗೆ ಹುಷಾರಿಲ್ಲ ಅಂದರೆ ಗೊಣಗಿಕೊಂಡು ಇನ್ನೊಬ್ಬರ ಹೆಸರು ಹಾಕುತ್ತಿದ್ದ. ಅವನಿಗೂ ಬೇಕಾದವರು, ಬೇಡದವರು ಇದ್ದರು, ದೇವರಂಥ ಮನುಷ್ಯ ಅಂತೇನೂ ಅಲ್ಲ. ಆದರೂ ಎದುರಿಗೆ ನಿಂತು ಕೇಳಬಹುದಿತ್ತು. ಆ ಅಧಿಕಾರವನ್ನು ಅವನ ಕೈಯಿಂದ ಕಿತ್ತುಕೊಂಡದ್ದು ಸರ್ಕಾರ ಅಲ್ಲ, ನಮ್ಮ ಸಾಫ್ಟ್‌ವೇರ್.

ಧರ್ಮಸಭೆ ತನ್ನ ಸಂಸ್ಥೆಗಳಲ್ಲಿ ದುಡಿಯುವವರಿಗೆ ಏನು ಕೊಡುತ್ತದೆ ಅಂತ ನೀವು ಕೇಳಬಹುದು. ಕೇಳಲೇಬೇಕು. ನ್ಯಾಯದ ಬಗ್ಗೆ ಮಾತಾಡುವವರು ಮೊದಲು ಜನರ ಕಣ್ಣಿಗೆ ನ್ಯಾಯವಂತರಾಗಿ ಕಾಣಬೇಕು ಅಂತ 1971ರಲ್ಲಿ ಬಿಷಪ್ಪರ ಸಭೆಯೇ ಒಪ್ಪಿಕೊಂಡಿದೆ.

ಆ ನಿಯಮ ತೆಗೆಯೋಣ ಅಂತ ಮೀಟಿಂಗ್‌ನಲ್ಲಿ ಹೇಳಿದೆ. ಗ್ರಾಹಕರು ಕೇಳಿ ಹಾಕಿಸಿಕೊಂಡದ್ದು, ಆಗಲ್ಲ ಅಂದರು. ಪೋಪರ ಹೆಸರು ಎತ್ತಲಿಲ್ಲ, ಎತ್ತಿದ್ದರೆ ಸುಮ್ನೆ ನಗುತ್ತಿದ್ದರು. ಕೊನೆಗೆ ಹದಿನಾಲ್ಕು ದಿನ ಮೂರಕ್ಕಿಳಿಯಿತು. ಮೇಲ್ವಿಚಾರಕರಿಗೆ ಅದನ್ನು ರದ್ದು ಮಾಡುವ ಒಂದು ಬಟನ್ ಬಂತು, ಪಕ್ಕದಲ್ಲಿ ಕಾರಣ ಬರೆಯಲು ಸಣ್ಣ ಜಾಗ. ಮೊನ್ನೆ ಅದರಲ್ಲಿ ಏನೇನು ಬರೆದಿದ್ದಾರೆ ಅಂತ ತೆರೆದು ನೋಡಿದೆ. ಜಾಸ್ತಿ ಕಡೆ ಖಾಲಿ. ಒಂದು ಕಡೆ ಮಾತ್ರ ಯಾರೋ ಟೈಪ್ ಮಾಡಿದ್ದರು: "ನನಗೆ ಗೊತ್ತು ಇವರು."