ಸಾಲಿನ ಕೊನೆಯ ಸೈಕಲ್ಲು

ಕಾಲೇಜಿನಲ್ಲಿ ಓದಿದ ಭೌತಶಾಸ್ತ್ರದಲ್ಲಿ ಬೆಳಕು, ಶಬ್ದ, ವಿದ್ಯುತ್ತು ಎಲ್ಲವೂ ಪರೀಕ್ಷೆಯ ಮರುದಿನವೇ ನನ್ನನ್ನು ಬಿಟ್ಟುಹೋದವು. ಉಳಿದದ್ದು ಗಾಳಿಯ ಪಾಠವೊಂದೇ. ಅದನ್ನು ಮೇಷ್ಟ್ರು ಹೇಳಿಕೊಟ್ಟದ್ದು ಕಪ್ಪುಹಲಗೆಯ ಮುಂದೆ ಅಲ್ಲ, 1988ರ ಡಿಸೆಂಬರಿನಲ್ಲಿ ಕಾರವಾರದಿಂದ ಮಂಗಳೂರಿಗೆ ನಾವು ಕೈಗೊಂಡ ಸೈಕಲ್ ಪ್ರವಾಸದಲ್ಲಿ. ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರೆಂಬ ಸುದ್ದಿ ಬಂದಾಗ ನಮ್ಮ ತಂಡದವರು ಒಬ್ಬರಿಗೊಬ್ಬರು ಫೋನು ಮಾಡಿ ಮಾತನಾಡಿದ್ದೂ ಅವರ ತರಗತಿಗಳ ಬಗ್ಗೆ ಆಗಿರಲಿಲ್ಲ. ಆ ಪ್ರವಾಸದ ಒಂದು ದಿನ, ಹೊನ್ನಾವರದಿಂದ ಕುಂದಾಪುರದವರೆಗಿನ ಸುಮಾರು 90 ಕಿಲೋಮೀಟರ್ ದಾರಿ, ಎಲ್ಲರ ಬಾಯಲ್ಲೂ ಬಂತು.

ನಾವು ಬಯಲುಸೀಮೆಯ ಹುಡುಗರು. ಸಮುದ್ರವನ್ನು ಭೂಪಟದಲ್ಲಲ್ಲದೆ ಬೇರೆಲ್ಲೂ ಕಾಣದವರೇ ಹೆಚ್ಚು. ಸೈಕಲ್ಲುಗಳನ್ನು ಲಾರಿಗೆ ಏರಿಸಿ ಕಾರವಾರಕ್ಕೆ ಸಾಗಿಸಬೇಕೆಂದು ಮೇಷ್ಟ್ರು ಹೇಳಿದಾಗ, ಮಂಗಳೂರಿನಿಂದಲೇ ಹೊರಟು ಉತ್ತರಕ್ಕೆ ಹೋಗಬಾರದೇಕೆ ಎಂದು ಕೆಲವರು ತಕರಾರು ತೆಗೆದರು. ಅವರ ಉತ್ತರ ನನಗೆ ಇಂದಿಗೂ ಬಾಯಿಪಾಠವಾಗಿದೆ. ಚಳಿಗಾಲದ ಮುಂಜಾವಿನಲ್ಲಿ ಆ ಕರಾವಳಿಯ ಮೆಲುಗಾಳಿ ನೆಲದಿಂದ ಕಡಲಿನತ್ತ ಬೀಸುತ್ತದೆ. ಬಿಸಿಲೇರಿದಂತೆ ನೆಲ ನೀರಿಗಿಂತ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಹಗುರವಾಗಿ ಮೇಲೇರುತ್ತದೆ, ತೆರವಾದ ಕಡೆಗೆ ಕಡಲಿನ ತಂಪುಗಾಳಿ ನುಗ್ಗುತ್ತದೆ. ಮಧ್ಯಾಹ್ನದ ಮೇಲೆ ಈ ಗಾಳಿ ಬಹುಮಟ್ಟಿಗೆ ವಾಯವ್ಯ ದಿಕ್ಕಿನಿಂದ ಬರುವುದರಿಂದ, ದಕ್ಷಿಣಕ್ಕೆ ಹೋಗುವವರಿಗೆ ಅದು ಬೆನ್ನ ಹಿಂದೆ ಸಿಗುತ್ತದೆ, ಉತ್ತರಕ್ಕೆ ಹೋಗುವವರಿಗೆ ಎದುರಾಗುತ್ತದೆ. ‘ದಣಿದ ಹೊತ್ತಿನಲ್ಲಿ ಗಾಳಿಯೊಡನೆ ಜಗಳ ಯಾಕ್ರಯ್ಯಾ?’ ಎಂದು ಕೇಳಿ ಅವರು ಮಾತು ಮುಗಿಸಿದ್ದರು.

ಸಾಲಿನ ವ್ಯವಸ್ಥೆಯೂ ಅವರದೇ. ಮುಂದೆ ಪಿ.ಟಿ. ಮೇಷ್ಟ್ರು, ಕೊರಳಲ್ಲಿ ಸೀಟಿ, ಅದನ್ನು ಊದಲು ಸದಾ ಒಂದು ನೆಪ. ಅವರ ಬೆನ್ನಿಗೇ ತಂಡದ ಅತ್ಯಂತ ನಿಧಾನದ ಹುಡುಗ. ಇದು ನಮಗೆ ವಿಚಿತ್ರವಾಗಿ ಕಂಡಿತ್ತು, ನಿಧಾನದವರು ಹಿಂದಿರಬೇಕಲ್ಲವೇ? ಆದರೆ ಮುಂದಿನ ಸವಾರ ಗಾಳಿಯನ್ನು ಸೀಳಿಕೊಂಡು ಹೋಗುವಾಗ ಅವನ ಬೆನ್ನ ಹಿಂದಿರುವವನಿಗೆ ತುಳಿತದ ಶ್ರಮ ಕಡಿಮೆಯಾಗುತ್ತದೆ, ಜೊತೆಗೆ ಮುಂದಾಳು ತನ್ನ ವೇಗವನ್ನು ಆ ಹುಡುಗನಿಗೆ ಹೊಂದಿಸಿಕೊಳ್ಳಲೇಬೇಕಾಗುತ್ತದೆ. ಕಟ್ಟಕಡೆಯಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಅವರ ಕ್ಯಾರಿಯರಿನ ಮೇಲೆ ಪಂಪು, ಒಂದು ತಗಡಿನ ಡಬ್ಬಿ, ಅದರೊಳಗೆ ಸೊಲ್ಯೂಷನ್, ಉಜ್ಜುಕಾಗದ, ಹಳೆಯ ಟ್ಯೂಬಿನ ತುಂಡುಗಳು, ವಾಲ್ ಟ್ಯೂಬು. ಯಾರ ಟೈರು ಪಂಕ್ಚರ್ ಆದರೂ ಅವನು ನಿಂತಲ್ಲಿಗೆ ಅವರು ತಾವಾಗಿ ಬಂದು ತಲುಪುತ್ತಿದ್ದರು.

ನಸುಕಿನಲ್ಲೇ ಶರಾವತಿಯನ್ನು ದಾಟಿದೆವು. ಇಂದಿನ 20 ಅಂತಸ್ತಿನ ಗೋಪುರವಾಗಲಿ, 123 ಅಡಿಯ ಶಿವನ ಪ್ರತಿಮೆಯಾಗಲಿ ಇಲ್ಲದ ಅಂದಿನ ಮುರುಡೇಶ್ವರಕ್ಕೆ ಹೆದ್ದಾರಿ ಬಿಟ್ಟು ಹೋಗಲು ಹೊತ್ತಿರಲಿಲ್ಲ. ಭಟ್ಕಳ ತಲುಪುವ ವೇಳೆಗೆ ಬಿಸಿಲು ನೆತ್ತಿಗೇರಿತ್ತು; ಅಲ್ಲಿ ಮರದ ನೆರಳಲ್ಲಿ ವಿಶ್ರಮಿಸುವಾಗಲೇ ನಮ್ಮ ಗುಂಪು ತನ್ನ ಪ್ರತಾಪ ತೋರಿಸಿತು.

ನಮ್ಮ ತರಗತಿಯ ನಾಯಕ ಬೆಳಗಿನಿಂದಲೂ ತನ್ನ ಸೈಕಲ್ಲಿನ ಗುಣಗಾನ ಮಾಡುತ್ತಿದ್ದ. ಉಳಿದವರದು ಗೇರಿಲ್ಲದ, ಕಡ್ಡಿ ಬ್ರೇಕಿನ, ಕಪ್ಪು ಬಣ್ಣದ ಭಾರೀ ಸೈಕಲ್ಲುಗಳು. ಅವನದೂ ಅದೇ, ಆದರೆ ಹೊಸದು. ಅವನು ಮುಖ ತೊಳೆಯಲು ಹೋದಾಗ ರಸ್ತೆಬದಿಯಲ್ಲಿ ಬಿದ್ದಿದ್ದ ಚಿರೇಕಲ್ಲಿನ ತುಂಡೊಂದನ್ನು, ಐದು ಕಿಲೋ ಖಂಡಿತ ತೂಗುವಂಥದ್ದನ್ನು, ಅವನ ಚೀಲದ ತಳದಲ್ಲಿ ಬಟ್ಟೆಗಳ ನಡುವೆ ಹುದುಗಿಸಿದೆವು. ಸಮತಟ್ಟಾದ ರಸ್ತೆಯಲ್ಲಿ ಅವನಿಗೆ ಏನೂ ತಿಳಿಯಲಿಲ್ಲ, ಬಡಾಯಿಯೂ ನಿಲ್ಲಲಿಲ್ಲ. ಶಿರೂರು ಬಂತು, ಉಡುಪಿ ಜಿಲ್ಲೆ ಇನ್ನೂ ಹುಟ್ಟದಿದ್ದ ಆ ಕಾಲದಲ್ಲಿ ದಕ್ಷಿಣ ಕನ್ನಡ ಅಲ್ಲಿಂದಲೇ ಶುರುವಾಗುತ್ತಿತ್ತು. ಮುಂದೆ ಕಾದಿದ್ದದ್ದು ಒತ್ತಿನೆಣೆಯ ಏರು.

ಏರಿನ ಬುಡದಲ್ಲಿ ಮೇಷ್ಟ್ರು ಎಲ್ಲರನ್ನೂ ನಿಲ್ಲಿಸಿದರು. ಸಾಲಿನ ಕೊನೆಯಲ್ಲಿ ಬರುವವರಿಗೆ ಪ್ರತಿಯೊಬ್ಬನ ಬೆನ್ನೂ ಚೀಲವೂ ಕಾಣುತ್ತವೆಂಬುದು ನಮಗೆ ಹೊಳೆದಿರಲಿಲ್ಲ. ಅವರು ಯಾರನ್ನೂ ಗದರಲಿಲ್ಲ, ಚೀಲವನ್ನು ಮುಟ್ಟಲೂ ಇಲ್ಲ. ಕಲ್ಲು ಇಡುವ ಉಪಾಯ ಹೂಡಿದ್ದವನನ್ನೇ ನೇರವಾಗಿ ನೋಡಿ, ‘ನಾಯಕ ದಣಿದಿದ್ದಾನೆ, ಈ ಏರಿಗೆ ಅವನ ಸೈಕಲ್ಲನ್ನು ನೀನು ತುಳಿ, ನಿನ್ನದನ್ನು ಅವನಿಗೆ ಕೊಡು’ ಎಂದರು. ಅವನು ಒಲ್ಲೆನೆನ್ನುವಂತಿಲ್ಲ, ಕಾರಣ ಹೇಳುವಂತಿಲ್ಲ. ಅರ್ಧದಾರಿಯಲ್ಲಿ ಇಳಿದು, ಸೈಕಲ್ಲನ್ನು ತಳ್ಳುತ್ತ, ಏದುಸಿರು ಬಿಡುತ್ತ ಅವನು ಮೇಲೆ ಬಂದಾಗ ಜೊತೆಯಲ್ಲೇ ನಡೆದು ಬಂದಿದ್ದ ಮೇಷ್ಟ್ರು, ‘ಈಗ ಎಂಜಿ ಸೈನ್ ತೀಟಾ ಅರ್ಥವಾಯಿತೇನಯ್ಯಾ?’ ಎಂದು ಕೇಳಿದರು. ಇಳಿಜಾರಿನಲ್ಲಿ ತೂಕದ ಯಾವ ಪಾಲು ನಮ್ಮನ್ನು ಹಿಂದಕ್ಕೆ ಎಳೆಯುತ್ತದೆಂಬ ಆ ಸೂತ್ರವನ್ನು ನಾವ್ಯಾರೂ ಮುಂದೆ ಮರೆಯಲಿಲ್ಲ. ನಾಯಕನಿಗೆ ಸಂಗತಿ ತಿಳಿದದ್ದು ರಾತ್ರಿ ಬಟ್ಟೆ ತೆಗೆಯುವಾಗ. ಆ ಏರನ್ನು ಸೈಕಲ್ಲಿನಿಂದ ಇಳಿಯದೆ ಹತ್ತಿದ ಕೆಲವರಲ್ಲಿ ನಾನೂ ಒಬ್ಬನೆಂಬುದನ್ನು ವಿನಯದ ಹೆಸರಿನಲ್ಲಿ ಮುಚ್ಚಿಡಲು ನನಗೆ ಮನಸ್ಸಿಲ್ಲ.

ಬೈಂದೂರು ದಾಟಿದ ಮೇಲೆ ಮೇಷ್ಟ್ರ ಗಾಳಿ ಬಂತು. ಬೆನ್ನಿಗೆ ತಾಗಿ ಅಂಗಿಯನ್ನು ಉಬ್ಬಿಸಿದ ಅದು ನಮ್ಮನ್ನು ಉಪ್ಪುಂದ, ಕಿರಿಮಂಜೇಶ್ವರ, ನಾವುಂದಗಳ ಮೂಲಕ ಹೆಚ್ಚು ತುಳಿಯಗೊಡದೆ ತಳ್ಳಿಕೊಂಡು ಹೋಯಿತು. ಮರವಂತೆಯಲ್ಲಿ ಬಲಕ್ಕೆ ಅರಬ್ಬಿ ಸಮುದ್ರ, ಎಡಕ್ಕೆ ಸೌಪರ್ಣಿಕಾ, ನಡುವೆ ರಸ್ತೆ. ಕಡಲಿಗೆ ಇಷ್ಟು ಹತ್ತಿರ ಬಂದ ನದಿ ಅದನ್ನು ಸೇರದೆ ತಿರುಗಿ ಗಂಗೊಳ್ಳಿಯತ್ತ ಏಕೆ ಹೋಗುತ್ತದೆಂದು ಒಬ್ಬ ಕೇಳಿದ. ‘ನಾಳೆ ಬೆಳಿಗ್ಗೆ ನೀನೇ ಯೋಚಿಸಿ ಹೇಳು’ ಎಂದ ಮೇಷ್ಟ್ರು ನಮ್ಮನ್ನು ಮರಳಿನ ಮೇಲೆ ಬಿಟ್ಟು, ತಾವು ರಸ್ತೆಬದಿಯಲ್ಲಿ ಕುಳಿತು ಒಬ್ಬೊಬ್ಬರದೇ ಚೈನಿಗೆ ಎಣ್ಣೆ ಹಾಕಿದರು. ಉಪ್ಪುಗಾಳಿಗೆ ಚೈನು ಒಂದೇ ರಾತ್ರಿಯಲ್ಲಿ ತುಕ್ಕಿನ ಬಣ್ಣಕ್ಕೆ ತಿರುಗುವುದನ್ನು ಅವರು ಮೊದಲ ದಿನವೇ ಗಮನಿಸಿದ್ದರು. ಕುಂದಾಪುರ ಮುಟ್ಟಿದಾಗ ಡೈನಮೋ ದೀಪಗಳು ಹೊತ್ತಿದ್ದವು.

ನಾನು ಎಂಜಿನಿಯರಾಗಿ ರಸ್ತೆ, ಸೇತುವೆಗಳ ಕೆಲಸದಲ್ಲೇ ಬದುಕು ಕಳೆದವನು. ಆ 17ನೇ ರಾಷ್ಟ್ರೀಯ ಹೆದ್ದಾರಿ 66 ಎಂಬ ಹೊಸ ಸಂಖ್ಯೆ ಪಡೆದು ಚತುಷ್ಪಥವಾದುದನ್ನು ವೃತ್ತಿಯ ಕಣ್ಣಿನಿಂದಲೂ ನೋಡಿದ್ದೇನೆ. ಇಂದಿನ ವಾಹನಗಳ ವೇಗದ ನಡುವೆ ಮಕ್ಕಳನ್ನು ಸೈಕಲ್ಲಿನಲ್ಲಿ ಕಳುಹಿಸಲು ಪ್ರಾಂಶುಪಾಲರು ಹಿಂಜರಿದರೆ ಅದನ್ನು ತಪ್ಪೆನ್ನಲಾರೆ. ನನ್ನ ಆಕ್ಷೇಪ ಬೇರೆ. ಈಗಿನ ಶೈಕ್ಷಣಿಕ ಪ್ರವಾಸಗಳಲ್ಲಿ ಗಾಜು ಮುಚ್ಚಿದ ಬಸ್ಸು ಮಕ್ಕಳನ್ನು ಒಂದು ಪ್ರೇಕ್ಷಣೀಯ ಸ್ಥಳದಿಂದ ಇನ್ನೊಂದಕ್ಕೆ ಒಯ್ಯುತ್ತದೆ, ನಡುವಿನ ಊರುಗಳು ನಿದ್ದೆಯಲ್ಲಿ ಕಳೆದುಹೋಗುತ್ತವೆ, ಮರಳಿದ ಮೇಲೆ ‘ಅನುಭವಾತ್ಮಕ ಕಲಿಕೆ’ ಎಂಬ ಶೀರ್ಷಿಕೆಯಡಿ ವರದಿಯೊಂದು ಸಿದ್ಧವಾಗುತ್ತದೆ. ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿತ್ತೆಂದು ಆ ಮಕ್ಕಳಲ್ಲಿ ಒಬ್ಬರನ್ನು ಕೇಳಿ ನೋಡಬೇಕು.

ಮೇಷ್ಟ್ರ ನೆನಪಿಗಾಗಿ, ಬರುವ ಡಿಸೆಂಬರಿನಲ್ಲಿ ಅದೇ ದಾರಿಯನ್ನು ಮತ್ತೊಮ್ಮೆ ತುಳಿಯೋಣವೆಂದು ಹಳೆಯ ತಂಡ ಮಾತನಾಡಿಕೊಂಡಿದೆ. ಮೊಣಕಾಲು ನೋವಿನವರು ಬ್ಯಾಟರಿ ಸೈಕಲ್ಲು ತರಲಿ, ನನ್ನ ಅಡ್ಡಿಯಿಲ್ಲ. ಸಾಲಿನ ಕೊನೆಯ ಜಾಗ ತನಗೆ ಬೇಕೆಂದು ಅಂದಿನ ನಾಯಕ ಈಗಾಗಲೇ ಕೇಳಿಟ್ಟಿದ್ದಾನೆ. ಚೀಲಗಳ ಮೇಲೆ ಕಣ್ಣಿಡುವುದೇ ಅವನ ಉದ್ದೇಶವಿರಬೇಕು. ರೈಲಿನ ಅನುಕೂಲ ನೋಡಿ ಮಂಗಳೂರಿನಿಂದ ಹೊರಟು ಕಾರವಾರದಲ್ಲಿ ಮುಗಿಸೋಣವೆಂದು ಇಬ್ಬರು ಸೂಚಿಸಿದ್ದರು. ಅವರಿಗೆ ಮಾತ್ರ ನಾನು, ಮೇಷ್ಟ್ರ ಕಾರಣವನ್ನೇ ಬರೆದು, ಸಾಧ್ಯವಿಲ್ಲವೆಂದು ತಿಳಿಸಿದ್ದೇನೆ.