ಒಲೆಯೋ, ಓಲೆಯೋ

ಜುಲೈ ತಿಂಗಳ ಭಾನುವಾರ. ಮೇಲೆ ಮಳೆ, ಕೆಳಗೆ ಮೆಗಾಬ್ಲಾಕ್, ಅಂದರೆ ರೈಲು ಹಳಿಯ ರಿಪೇರಿ. ಇಂಥ ದಿನವೇ ನಮ್ಮ ಮುಂಬಯಿ ಕನ್ನಡಿಗರ ನಾಟಕದ ತಂಡ ಡೊಂಬಿವಲಿಯಲ್ಲಿ ಸೇರಬೇಕು ಅಂತ ಯಾರು ತೀರ್ಮಾನ ಮಾಡಿದರೋ! ನಾನೇ ಮಾಡಿದ್ದು. ವಾಟ್ಸಾಪ್‌ನಲ್ಲಿ ಎಲ್ಲರೂ ಹೆಬ್ಬೆರಳು ತೋರಿಸಿದ್ದರು, ಹೊರಗೆ ಇಣುಕಿ ನೋಡಿದವರು ಯಾರೂ ಇರಲಿಲ್ಲ. ಫಾಸ್ಟ್ ಗಾಡಿಗಳನ್ನೂ ಸ್ಲೋ ಹಳಿಗೆ ಹಾಕಿದ್ದರು. ಥಾಣೆ ಸ್ಟೇಷನ್ನಿನಿಂದ ಹೊರಟ ನಾನು ಒದ್ದೆ ಕೊಡೆಗಳ ಮಧ್ಯೆ ಒಂಟಿಕಾಲಲ್ಲಿ ನಿಂತು ಹೋಗಿ ತಲುಪುವಾಗ ಗಂಟೆ ಹನ್ನೊಂದೂವರೆ.

ಜಾಗ ಸ್ನೇಹಿತರೊಬ್ಬರ ಟ್ಯೂಷನ್ ಕ್ಲಾಸು. ಬೋರ್ಡಿನ ಮೇಲೆ ಯಾರದೋ ತ್ರಿಕೋನಮಿತಿ ಅರ್ಧಕ್ಕೆ ನಿಂತಿತ್ತು. ಹನ್ನೊಂದು ಜನ ಬಂದಿದ್ದೆವು. ದೀಪಾವಳಿ ಕಳೆದ ಮೇಲೆ ಫೆಬ್ರವರಿಯವರೆಗೆ ಏನೇನು ಆಡೋದು, ಏನೇನು ಓದೋದು ಅಂತ ನಿರ್ಧಾರ ಆಗಬೇಕಿತ್ತು.

ಧಾರವಾಡದ ಕಾಕಾ ಪ್ರತಿ ವರ್ಷದ ಹಾಗೆ ಈ ವರ್ಷವೂ ‘ತುಘಲಕ್’ ಅಂದರು. ‘ಕನ್ನಡದಾಗ ಬಂದಿದ್ದು 1964ರಾಗ. 1970ಕ್ಕ ಇದ ಮುಂಬಯಿಯೊಳಗ ಅಲೀಕ್ ಪದಮ್ಸೀ ಇಂಗ್ಲಿಷಿನಾಗ ಮಾಡಿದ್ರು. ನಾವು ಕನ್ನಡದವ್ರು ಇನ್ನೂ ಯಾವಾಗ್ರೀ?’ ಕಾರ್ನಾಡರ ಮೇಲೆ ಅವರಿಗೆ ಊರಿನ ಪ್ರೀತಿ ಬೇರೆ. ಆದರೆ ಹದಿಮೂರು ದೃಶ್ಯ, ಆಸ್ಥಾನ, ಸೈನಿಕರು, ದೆಹಲಿ ಬಿಟ್ಟು ದೌಲತಾಬಾದಿಗೆ ಹೊರಟ ಜನ. ಹನ್ನೊಂದು ಜನರಲ್ಲಿ ಇಬ್ಬರಿಗೆ ಮಂಡಿನೋವು. ರಾಜಧಾನಿ ಬದಲಾಯಿಸೋದು ಹಾಗಿರಲಿ, ನಮಗೆ ಸೆಟ್ಟಿನ ಒಂದು ಕಂಬ ಅಲ್ಲಿಂದಿಲ್ಲಿಗೆ ಸಾಗಿಸೋದೂ ಕಷ್ಟ.

ಕೇಟರಿಂಗ್ ಅಣ್ಣನದು ಒಂದೇ ಮಾತು: ‘ಜನ ನಗಬೇಕು ಮಾರಾಯ್ರೆ.’ ಅವರು ಇಡ್ಲಿ ತಂದಿದ್ದರು. ಇಡ್ಲಿ ತಂದವರ ಮಾತು ನಡೆಯುತ್ತದೆ. ಕೈಲಾಸಂ ಅವರ ‘ಟೊಳ್ಳುಗಟ್ಟಿ’ಯನ್ನು ಪೂರ್ತಿ ರಂಗದ ಮೇಲೆ ಆಡೋದು ಅಂತಾಯಿತು. ನನಗೂ ಖುಷಿ. ಕೈಲಾಸಂ ಪಾತ್ರಗಳು ಕನ್ನಡದ ಮಧ್ಯೆ ಇಂಗ್ಲಿಷ್ ಸುರಿಯುವ ರೀತಿ ಇದೆಯಲ್ಲ, ನಮ್ಮ ಮುಂಬಯಿ ಮಕ್ಕಳು ಮಾತಾಡೋದೂ ಹಾಗೆಯೇ. ಅಭ್ಯಾಸ ಮಾಡಿಸುವ ಅಗತ್ಯವೇ ಇಲ್ಲ.

‘ತುಘಲಕ್’ ಮತ್ತು ಕುವೆಂಪು ಅವರ ‘ಜಲಗಾರ’ ಬರೀ ಓದಿಗೆ ಹೋದವು. ಶಿವನೇ ಬೀದಿ ಗುಡಿಸುವ ಜಲಗಾರನ ವೇಷದಲ್ಲಿ ಬರುವ, 1928ರ ಆ ಪುಟ್ಟ ನಾಟಕವನ್ನು ಬೆಳಗ್ಗೆ ಕಸದ ಗಾಡಿಯ ಹಿಂದೆ ಓಡುವವರ ಈ ಊರಲ್ಲಿ ಓದಬೇಕು ಅನ್ನೋದು ನನ್ನ ಹಟ. ನಾಲ್ಕನೆಯದು ಹೊಸ ನಾಟಕ. ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಅಕ್ಕ ಬರೆದದ್ದು. ಊರು ಬಿಟ್ಟು ಮುಂಬಯಿ ಹೋಟೆಲಿಗೆ ಬಂದ ಹುಡುಗ, ಊರಲ್ಲಿ ಅವನ ತಾಯಿ, ತಂಗಿ, ಅಜ್ಜಿ. ಅದನ್ನು ನವೆಂಬರಿನಲ್ಲಿ ಮೊದಲು ಓದೋದು, ಓದಿನಲ್ಲಿ ಗಟ್ಟಿಯಾಗಿ ನಿಂತರೆ ಫೆಬ್ರವರಿಯಲ್ಲಿ ಆಡೋದು. ಆಡೋದಾದರೆ ಹಾಲ್ ಒಂದೇ ಅಲ್ಲ, ಸ್ಕ್ರಿಪ್ಟನ್ನು ರಂಗಭೂಮಿ ಪ್ರಯೋಗ ಪರಿನಿರೀಕ್ಷಣ ಮಂಡಳಕ್ಕೆ ಕಳಿಸಿ ಸರ್ಟಿಫಿಕೇಟೂ ತರಬೇಕು. ಮಹಾರಾಷ್ಟ್ರದಲ್ಲಿ ನಾಟಕದವರೆಲ್ಲ ಸೆನ್ಸಾರ್ ಅನ್ನೋದು ಇದಕ್ಕೇ.

ನಿಜ ಹೇಳಬೇಕೆಂದರೆ ಈ ಓದು ಅನ್ನುವ ವ್ಯವಹಾರ ನನಗೆ ಅಷ್ಟಕ್ಕಷ್ಟೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ಬಣ್ಣ ಹಚ್ಚಿದ ನಾಟಕ ನೋಡಿ ಬೆಳೆದವನು ನಾನು. ಕುರ್ಚಿ ಮೇಲೆ ಕೂತು ಹಾಳೆ ತಿರುಗಿಸುತ್ತಾ ನಾಟಕ ಓದೋದು ಅಂದರೆ, ಊಟಕ್ಕೆ ಕರೆದು ಮೆನು ಓದಿ ಕಳಿಸಿದ ಹಾಗೆ. ದುಡ್ಡಿಲ್ಲದವರ ನಾಟಕ ಅಂತ ಹಿಂದೊಮ್ಮೆ ಹೇಳಿ ಅಕ್ಕನ ಕೈಲಿ ಬೈಸಿಕೊಂಡಿದ್ದೆ. ಅದಕ್ಕೇ ಇರಬೇಕು, ಅವತ್ತು ರಂಗಸೂಚನೆ ಓದುವ ಕೆಲಸ ನನ್ನ ತಲೆಗೆ ಬಂತು.

ಇಡ್ಲಿ ಮುಗಿಸಿ ಅಕ್ಕನ ನಾಟಕ ಶುರು ಮಾಡಿದೆವು. ತಂಗಿಯ ಪಾತ್ರ ಹೊಸ ಹುಡುಗಿಗೆ. ಹುಟ್ಟಿದ್ದು, ಓದಿದ್ದು ಎಲ್ಲ ಇಲ್ಲೇ. ಮನೆಯಲ್ಲಿ ಕನ್ನಡ ಮಾತು, ಅಕ್ಷರ ಗೊತ್ತಿಲ್ಲ. ಅಪ್ಪನ ಹತ್ತಿರ ಓದಿಸಿ, ಕೇಳಿ, ತನ್ನ ಮಾತುಗಳನ್ನೆಲ್ಲ ದೇವನಾಗರಿಯಲ್ಲಿ ಬರೆದುಕೊಂಡು ಬಂದಿದ್ದಳು. ನೀಲಿ ಇಂಕು, ಮುದ್ದಾದ ಅಕ್ಷರ. ನಮ್ಮಲ್ಲಿ ಹೀಗೆ ಮಾಡುವ ಮಕ್ಕಳು ಬೇಕಾದಷ್ಟಿದ್ದಾರೆ.

ತೊಂದರೆ ಎಲ್ಲಿ ಅಂದರೆ, ಮರಾಠಿ ಬರವಣಿಗೆಯಲ್ಲಿ ನಮ್ಮ ಹಾಗೆ ಎ ಬೇರೆ ಏ ಬೇರೆ ಇಲ್ಲ, ಒ ಬೇರೆ ಓ ಬೇರೆ ಇಲ್ಲ. ಎರಡಕ್ಕೂ ಒಂದೇ ಅಕ್ಷರ. ಆಡುವ ಮಾತಾದ್ದರಿಂದ ಹೆಚ್ಚಿನ ಕಡೆ ಅವಳ ಬಾಯಿ ತಾನೇ ಸರಿ ಮಾಡಿಕೊಳ್ಳುತ್ತಿತ್ತು. ಎರಡೂ ಅರ್ಥ ಹೊಂದುವ ಕಡೆ ಸಿಕ್ಕಿಬೀಳುತ್ತಿದ್ದಳು. ‘ಈ ವರ್ಷ ಬೆಳೆ ಹೋಯಿತು’ ಅನ್ನೋದು ‘ಬೇಳೆ ಹೋಯಿತು’ ಆಯಿತು. ‘ತೊಗರಿ ರೇಟ್ ನೋಡಿದ್ರ ಅದೂ ಖರೇನ ಬಿಡವ್ವಾ’ ಅಂದರು ಕಾಕಾ. ಎಲ್ಲರೂ ನಕ್ಕೆವು. ಹುಡುಗಿ ಕಿವಿಯವರೆಗೆ ಕೆಂಪಾದಳು.

ಎರಡನೇ ದೃಶ್ಯದ ಕೊನೆ. ದೀಪಾವಳಿಗೆ ಬರೋದಿಲ್ಲ ಅಂತ ಮಗನ ಕಾಗದ ಬಂದಿದೆ. ಅಜ್ಜಿ ಕಾಗದಕ್ಕೆ ಹಳೆ ಮಾತಿನಲ್ಲಿ ಓಲೆ ಅಂತಲೇ ಅನ್ನುತ್ತಾಳೆ. ತಂಗಿ ನಮ್ಮ ಕಡೆ ತಿರುಗಿ ಹೇಳಬೇಕಾದದ್ದು, ‘ಅಮ್ಮ ಒಂದು ಮಾತೂ ಆಡದೆ ಒಲೆ ಉರಿಸಿದಳು.’

ಹುಡುಗಿ ಓದಿದಳು: ‘ಅಮ್ಮ ಒಂದು ಮಾತೂ ಆಡದೆ ಓಲೆ ಉರಿಸಿದಳು.’

ಯಾರೂ ನಗಲಿಲ್ಲ. ಮುಂದಿನ ರಂಗಸೂಚನೆ ನನ್ನದು, ‘ಕತ್ತಲು’ ಅನ್ನುವ ಒಂದೇ ಶಬ್ದ. ಬಾಯಿಗೆ ಬರಲಿಲ್ಲ. ಕಿಟಕಿ ಹೊರಗೆ ಮಳೆ, ಟ್ಯೂಬ್‌ಲೈಟ್ ಹಾಗೇ ಉರಿಯುತ್ತಿತ್ತು. ಆ ಬೆಳಕಲ್ಲೇ ಕಾಗದ ಸುಟ್ಟ ವಾಸನೆ ಬಂದಂತಾಯಿತು ನನಗೆ. ಸೆಟ್ಟಿಲ್ಲ, ಬೆಂಕಿಯಿಲ್ಲ, ತಾಯಿ ಪಾತ್ರದವರು ಕನ್ನಡಕ ಒರೆಸುತ್ತಾ ಕೂತಿದ್ದಾರೆ.

‘ಸಾರಿ, ತಪ್ಪಾಯ್ತಾ?’ ಅಂದಳು ಹುಡುಗಿ.

‘ನಾನು ಬರೆದದ್ದು ಒಲೆ’ ಅಂದರು ಅಕ್ಕ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇನ್ನೊಂದು ಸಲ ಓದು. ನೀನು ಓದಿದ ಹಾಗೇ’ ಅಂದರು.

ಅಲ್ಲಿಂದ ಜಗಳ. ಓಲೆಯೇ ಇರಲಿ ಅಂದೆ ನಾನು. ಕೇಟರಿಂಗ್ ಅಣ್ಣ ಒಪ್ಪಲಿಲ್ಲ. ‘ಎಂಥ ಬೇಸರವಿದ್ರೂ ಅಮ್ಮ ಅಡುಗೆ ಮಾಡ್ಲೇಬೇಕು, ಮನೆಯಲ್ಲಿ ಉಳಿದವರಿಗೆ ಹಸಿವಿಲ್ವಾ? ಒಲೆಯೇ ಸರಿ. ಮಗನ ಕಾಗದ ಯಾವ ಅಮ್ಮ ಸುಡ್ತಾಳೆ?’ ಅಂದರು. ಅವರು ಹದಿಮೂರನೇ ವಯಸ್ಸಿಗೆ ಹೋಟೆಲಿಗೆ ಬಂದವರು, ಅದು ನನಗೆ ಆಮೇಲೆ ನೆನಪಾಯಿತು. ಮರಾಠಿಯಲ್ಲಿ ಓಲೆ ಅಂದರೆ ಒದ್ದೆ, ಒದ್ದೆ ಸೌದೆಯೂ ಸೇರಿತು ಅಂತ ಇನ್ಯಾರೋ ಕುಚೋದ್ಯ ಮಾಡಿದರು. ಅಕ್ಕ ತಮ್ಮ ಪ್ರತಿಯಲ್ಲಿ ಆ ಶಬ್ದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದರು, ಹೊಡೆದುಹಾಕಲಿಲ್ಲ. ‘ನವೆಂಬರಿನವರೆಗೆ ಟೈಮಿದೆ’ ಅಂದರು.

ಹೊರಡುವಾಗ ಹುಡುಗಿ ತನ್ನ ಹಾಳೆಗಳ ಫೋಟೋಕಾಪಿ ಕೊಟ್ಟಳು. ‘ಅಂಕಲ್, ಶಾರ್ಟ್ ಇರೋ ಕಡೆ ಎಲ್ಲ ಏನಾದ್ರೂ ಮಾರ್ಕ್ ಮಾಡಿ ಕೊಡ್ತೀರಾ?’

ವಾಪಸ್ ಗಾಡಿಯಲ್ಲಿ ಪುಣ್ಯಕ್ಕೆ ಸೀಟು ಸಿಕ್ಕಿತು. ಅಕ್ಕನ ಸ್ಕ್ರಿಪ್ಟ್ ತೊಡೆ ಮೇಲೆ, ಹುಡುಗಿಯ ಹಾಳೆ ಅದರ ಮೇಲೆ. ಹ್ರಸ್ವ ಬಂದಲ್ಲೆಲ್ಲ ಅಕ್ಷರದ ಕೆಳಗೆ ಕೆಂಪು ಚುಕ್ಕೆ. ಕೊಡು, ಕೋಡು ಅಲ್ಲ. ತೊಡು, ತೋಡು ಅಲ್ಲ. ದಿವಾ ಸ್ಟೇಷನ್ ದಾಟುವಾಗ ಎರಡನೇ ದೃಶ್ಯದ ಆ ಸಾಲು ಬಂತು. ಪೆನ್ನು ಎತ್ತಿ ಹಿಡಿದೆ, ಚುಕ್ಕೆ ಇಡದೆ ಪುಟ ತಿರುಗಿಸಿದೆ.

ಪಕ್ಕದಲ್ಲಿ ಕೂತಿದ್ದ ಅಜ್ಜ ಆಗಿನಿಂದ ನನ್ನ ಹಾಳೆಯೊಳಗೆ ಕಣ್ಣು ಹಾಕಿದ್ದರು. ತುಟಿ ಅಲ್ಲಾಡಿಸುತ್ತಾ ಒಂದು ಸಾಲು ಓದಿದರು, ಇನ್ನೊಂದು ಸಾಲು ಓದಿದರು. ಆಮೇಲೆ ನನ್ನ ಮುಖ ನೋಡಿ ಅಂದರು: ‘ವಾಚತಾ ತರ್ ಯೇತಂಯ್, ಪಣ್ ಕಾಹೀಚ್ ಕಳತ್ ನಾಹೀ.’ ಓದಕ್ಕೇನೋ ಬರ್ತಿದೆ, ಒಂದಕ್ಷರ ಅರ್ಥ ಆಗ್ತಿಲ್ಲ.